ಛತ್ರದವನ ಕೈಗೆ ಎರಡು ಬೆಳ್ಳಿನಾಣ್ಯ

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ. ಶುಭಸಂದೇಶ: ಮತ್ತಾಯ ೨:೧೩-೧೫, ೧೯-೨೩)



ಕ್ರಿಸ್ತಜಯಂತಿ ಕಳೆದು ಇನ್ನೂ ವಾರ ತುಂಬಿಲ್ಲ. ಗೋದಲಿಗೆಂದು ಮಕ್ಕಳು ತಟ್ಟೆಯಲ್ಲಿ ಬಿತ್ತಿದ್ದ ರಾಗಿ ಪೈರು ಈಗಷ್ಟೇ ತುದಿಯಲ್ಲಿ ಹಳದಿಯಾಗುತ್ತಿದೆ. ಅಷ್ಟರಲ್ಲೇ ಧರ್ಮಸಭೆ ಆ ಮಗುವನ್ನು ಗೋದಲಿಯಿಂದ ಎತ್ತಿಸಿ ದಾರಿಗೆ ಹತ್ತಿಸಿಬಿಟ್ಟಿದೆ. ಇಂದಿನ ಶುಭಸಂದೇಶವನ್ನು ಕೇಳಿದಿರಿ. ಜೋಸೆಫರು ರಾತ್ರೋರಾತ್ರಿ ಎದ್ದು ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಹೆರೋದ ಸತ್ತ ಮೇಲೆ ಹಿಂದಿರುಗಿದರು. ಹಿಂದಿರುಗಿದರೂ ಭಯದಿಂದ ಜುದೇಯದಲ್ಲಿ ನಿಲ್ಲಲಾರದೆ ಗಲಿಲೇಯದ ನಜರೇತಿಗೆ ಹೋಗಿ ನೆಲೆಸಿದರು.

ನಮ್ಮ ಮನೆಗಳ ಗೋಡೆಯ ಮೇಲಿರುವ ಪವಿತ್ರ ಕುಟುಂಬದ ಪಟ ಬೇರೆ ರೀತಿಯದು. ಅದರಲ್ಲಿ ಜೋಸೆಫರು ನಿಶ್ಚಿಂತೆಯಿಂದ ಮರಗೆಲಸ ಮಾಡುತ್ತಿರುತ್ತಾರೆ, ಮಾತೆ ಮರಿಯಮ್ಮನವರು ಪಕ್ಕದಲ್ಲಿ ಕುಳಿತಿರುತ್ತಾರೆ, ಬಾಲಯೇಸು ತಂದೆಗೆ ಮೊಳೆ ಎತ್ತಿಕೊಡುತ್ತಿರುತ್ತಾನೆ. ಮತ್ತಾಯನು ತೋರಿಸುವ ಪಟದಲ್ಲಿ ಮನೆಯೇ ಇಲ್ಲ, ಗಂಟುಮೂಟೆ ಮಾತ್ರ ಇದೆ. ಹನ್ನೊಂದು ತಿಂಗಳ ಕರಾರು ಮುಗಿಯಿತೆಂದು ಸಾಮಾನು ಕಟ್ಟಿ ಕಟ್ಟಿ ಸಾಕಾದವರು ಇಲ್ಲಿ ಯಾರಾದರೂ ಕುಳಿತಿದ್ದರೆ, ಇಂದಿನ ಹಬ್ಬ ಎಲ್ಲರಿಗಿಂತ ಮೊದಲು ಅವರದು.

ಆದರೆ ನಾನು ಇಂದು ಮಾತನಾಡಬೇಕೆಂದಿರುವುದು ಮನೆ ಕೊಡುವವರ ಬಗ್ಗೆ. ಮನೆ ಕೇಳುವವರ ಬಗ್ಗೆ ಪ್ರತಿ ಕ್ರಿಸ್ತಜಯಂತಿಯಲ್ಲೂ ಮಾತನಾಡುತ್ತೇವೆ, ಕಣ್ಣೀರನ್ನೂ ತರಿಸುತ್ತೇವೆ. ಮನೆ ಕೊಡುವವರನ್ನು ಮಾತ್ರ ಬೈದು ಬಿಟ್ಟುಬಿಡುತ್ತೇವೆ. ಶಾಲೆಯ ನಾಟಕದಲ್ಲಿ ತಲೆಗೆ ಟವಲ್ಲು ಸುತ್ತಿಕೊಂಡ ಒಬ್ಬ ಹುಡುಗ ಲಾಟೀನು ಹಿಡಿದು ಬಾಗಿಲಿಗೆ ಬಂದು, "ಜಾಗ ಇಲ್ಲ, ಹೋಗಿ ಹೋಗಿ" ಎಂದು ಗದರಿಸುತ್ತಾನಲ್ಲ, ಅವನು ಯಾರು? ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಮನೆಗೆ ಹೋದ ಮೇಲೆ ತೆರೆದು ನೋಡಿ. ಅಲ್ಲಿ ಛತ್ರದವನೇ ಇಲ್ಲ. ಸ್ಥಳವಿರಲಿಲ್ಲ ಎಂಬ ಒಂದು ಮಾತಷ್ಟೇ ಇದೆ. ಗದರಿಸಿದವನನ್ನು ಸೃಷ್ಟಿಸಿದವರು ನಾವು. ಯಾರನ್ನಾದರೂ ಕೆಟ್ಟವನನ್ನಾಗಿ ಮಾಡದೆ ನಮಗೆ ನಾಟಕ ಕಟ್ಟಲು ಬರುವುದಿಲ್ಲ.

ಇನ್ನೂ ಒಂದು ಸಂಗತಿ. ಛತ್ರ ಎಂದು ನಾವು ಓದುವ ಕಡೆ ಲೂಕ ಬಳಸಿದ ಗ್ರೀಕ್ ಪದ ಕತಾಲುಮ. ಅದರರ್ಥ ಮನೆಯೊಳಗಿನ ಅತಿಥಿಗಳ ಕೋಣೆ. ಕಡೆಯ ರಾತ್ರಿ ಪ್ರಭು ತಮ್ಮ ಶಿಷ್ಯರೊಂದಿಗೆ ಭೋಜನಕ್ಕೆ ಕೇಳಿ ಪಡೆದ ಕೋಣೆಗೂ ಲೂಕ ಇದೇ ಪದವನ್ನು ಬಳಸುತ್ತಾನೆ. ಹಣ ಕೊಟ್ಟು ತಂಗುವ ನಿಜವಾದ ಛತ್ರಕ್ಕೆ ಅವನ ಬಳಿ ಬೇರೆ ಪದವಿದೆ, ಪಂದೊಖೆಯೊನ್. ಬಿಡಿಸಿ ಹೇಳಿದರೆ, ಎಲ್ಲರನ್ನೂ ಸ್ವೀಕರಿಸುವ ಸ್ಥಳ. ಆ ಪದ ಬರುವುದು ಹತ್ತನೆಯ ಅಧ್ಯಾಯದಲ್ಲಿ, ದಯಾಳು ಸಮಾರಿಯದವನ ಸಾಮತಿಯಲ್ಲಿ. ಅಲ್ಲಿ ಒಬ್ಬ ಛತ್ರದವನು ನಿಜವಾಗಿಯೂ ಇದ್ದಾನೆ. ಅವನು ಬಾಗಿಲು ತೆರೆದ.

ಸಮಾರಿಯದವನ ಮೇಲೆ ನೂರಾರು ಪ್ರಬೋಧನೆಗಳನ್ನು ನೀವು ಕೇಳಿದ್ದೀರಿ. ಯಾಜಕನ ಮೇಲೆ, ಲೇವಿಯ ಮೇಲೆ, ಗಾಯಕ್ಕೆ ಸುರಿದ ಎಣ್ಣೆ ದ್ರಾಕ್ಷಾರಸದ ಮೇಲೆ ಕೂಡ ಕೇಳಿದ್ದೀರಿ. ಛತ್ರದವನ ಪಾಡನ್ನು ಸ್ವಲ್ಪ ಯೋಚಿಸಿ ನೋಡಿ. ಸಂಜೆ ಹೊತ್ತು ಅವನ ಬಾಗಿಲಿಗೆ ಬಂದವನು ಪರಜಾತಿಯ ಒಬ್ಬ ದಾರಿಹೋಕ. ಅವನ ಕತ್ತೆಯ ಮೇಲೆ ಇನ್ನೊಬ್ಬ. ಮೈಮೇಲೆ ಬಟ್ಟೆಯಿಲ್ಲ, ಪ್ರಜ್ಞೆಯಿಲ್ಲ, ಯಾವ ಊರಿನವನು, ಯಾವ ಜನ ಎಂದು ತಿಳಿಯುವ ಒಂದು ಗುರುತೂ ಇಲ್ಲ. ಕಳ್ಳರು ಬಟ್ಟೆಯನ್ನು ಕಸಿದುಕೊಂಡಾಗ ಅವನ ಗುರುತಿನ ಚೀಟಿಯೂ ಹೋಯಿತು ಎನ್ನಬೇಕು. ಅವನು ರಾತ್ರಿ ಸತ್ತರೆ ಮಾತು ಬರುವುದು ಯಾರ ಮೇಲೆ? ಛತ್ರದವನ ಮೇಲೆ. ಪಕ್ಕದ ಕೋಣೆಯವರು ನರಳಾಟ ಕೇಳಲಾರದೆ ಎದ್ದು ಹೋದರೆ ನಷ್ಟ ಯಾರಿಗೆ? ಅವನಿಗೇ. ಕೈಗೆ ಬಂದದ್ದು ಎರಡು ಬೆಳ್ಳಿನಾಣ್ಯ. ಆ ಕಾಲದಲ್ಲಿ ಒಬ್ಬ ಕೂಲಿಯವನ ದಿನಗೂಲಿ ಒಂದು ನಾಣ್ಯ ಎಂದು ದ್ರಾಕ್ಷಿತೋಟದ ಸಾಮತಿಯಿಂದ ನಮಗೆ ತಿಳಿದಿದೆ. ಎರಡು ದಿನದ ಕೂಲಿ, ಅಷ್ಟೇ. ಉಳಿದದ್ದಕ್ಕೆ ಒಂದು ಮಾತು: ಹೆಚ್ಚಿಗೆ ಖರ್ಚಾದರೆ ಹಿಂದಿರುಗಿ ಬಂದಾಗ ನಾನು ಕೊಡುತ್ತೇನೆ.

ಗಮನಿಸಿ, ಸಮಾರಿಯದವನು ಛತ್ರದವನಿಂದ ದಾನ ಬೇಡಲಿಲ್ಲ. ಪುಕ್ಕಟೆ ಇರಿಸಿಕೋ ಎನ್ನಲಿಲ್ಲ. ಹಣ ಕೊಟ್ಟ, ಮುಂದಿನ ಹೊಣೆ ಹೊತ್ತ, ಮತ್ತೆ ಬರುತ್ತೇನೆಂದ. ಛತ್ರದವನಿಂದ ಅವನು ಕೇಳಿದ್ದು ಎರಡೇ: ಬಾಗಿಲು ತೆರೆಯಬೇಕು, ಮಾತನ್ನು ನಂಬಬೇಕು. ಬಾಡಿಗೆ ಪಡೆಯುವುದು ಪಾಪವಲ್ಲ. ಸಂತ ಪೌಲರು ರೋಮಿನಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿ ಇದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳು ಮುಗಿಯುವ ಜಾಗದಲ್ಲಿ ಬರೆದಿದೆ. ಆ ಮನೆಯ ಮಾಲೀಕನ ಹೆಸರು ನಮಗೆ ಗೊತ್ತಿಲ್ಲ. ಬಾಗಿಲಲ್ಲಿ ಒಬ್ಬ ಸಿಪಾಯಿಯನ್ನು ಕಾವಲಿಟ್ಟುಕೊಂಡ ಕೈದಿಗೆ ಮನೆ ಕೊಟ್ಟ ಪುಣ್ಯಾತ್ಮ ಅವನು!

ಈಗ ನಮ್ಮ ಊರಿಗೆ ಬರೋಣ. ನಿಮ್ಮಲ್ಲಿ ಅನೇಕರು ಹೊಟ್ಟೆ ಬಟ್ಟೆ ಕಟ್ಟಿ, ಬ್ಯಾಂಕಿನ ಸಾಲ ತಂದು ಮನೆ ಕಟ್ಟಿದ್ದೀರಿ. ಮೇಲೆ ನೀವು, ಕೆಳಗೆ ಬಾಡಿಗೆಗೆ ಒಂದು ಎರಡು ಪೋರ್ಷನ್. ತುಮಕೂರು ವಸಂತನರಸಾಪುರದ ಕಡೆಗೆ ಬೆಳೆಯುತ್ತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೨೩ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಊರಿಗೆ ಕೆಲಸ ಹುಡುಕಿಕೊಂಡು ಜನ ಬಂದಂತೆ ಬಾಡಿಗೆಗೆ ಮನೆ ಕೇಳುವವರೂ ಹೆಚ್ಚುತ್ತಾರೆ. ಒಳ್ಳೆಯದೇ. ಕಾರ್ಖಾನೆಯ ನೌಕರ ಬಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಒಂದು ಮಾತಿಗೆ ಹೇಳುತ್ತೇನೆ. ಗಂಡ ಬಿಟ್ಟುಹೋದ ಒಬ್ಬ ತಾಯಿ, ಇಬ್ಬರು ಮಕ್ಕಳು. ಕೆಲವು ತಿಂಗಳು ಬಸ್ ನಿಲ್ದಾಣದ ಮೂಲೆಯಲ್ಲಿ, ಅಂಗಡಿಯ ಜಗಲಿಯಲ್ಲಿ ರಾತ್ರಿ ಕಳೆದಿದ್ದಾಳೆ. ಈಗ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿದೆ. ನಿಮ್ಮ ಗೇಟಿನ ಮುಂದೆ ನಿಂತಿದ್ದಾಳೆ.

"ಯಾವೂರಮ್ಮ ನಿಮ್ದು?"

"ಇಲ್ಲೇ ಸಾರ್."

"ಇಲ್ಲೇ ಅಂದ್ರೆ? ಮುಂಚೆ ಯಾರ ಮನೇಲಿದ್ರಿ?"

ಅದಕ್ಕೆ ಅವಳು ಏನು ಹೇಳಬೇಕು?

"ಯಜಮಾನ್ರು ಏನ್ ಕೆಲ್ಸ ಮಾಡ್ತಾರೆ? ಆಧಾರ್ ಕಾರ್ಡಲ್ಲಿ ಯಾವ ಅಡ್ರೆಸ್ ಇದೆ?"

ಮೂರನೆಯ ಪ್ರಶ್ನೆಗೆ ಅವಳ ತಲೆ ತಗ್ಗಿರುತ್ತದೆ. ಆಗ ನಾವು ಗದರಿಸುವುದಿಲ್ಲ. ನಾವು ಮರ್ಯಾದಸ್ಥರು. "ಮನೆಯವ್ರನ್ನ ಕೇಳಿ ಹೇಳ್ತೀನಮ್ಮ" ಎನ್ನುತ್ತೇವೆ. ಇಲ್ಲವೇ, "ಅಯ್ಯೋ, ಬೆಳಗ್ಗೆ ತಾನೆ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರಲ್ಲ" ಎನ್ನುತ್ತೇವೆ. ಬೋರ್ಡು ಮಾತ್ರ ಮಾರನೆಯ ದಿನವೂ ಗೇಟಿನಲ್ಲಿ ನೇತಾಡುತ್ತಿರುತ್ತದೆ. ಅವಳಿಗೆ ಅಕ್ಷರ ಬಾರದಿರಬಹುದು, ಆದರೆ ಆ ಬೋರ್ಡು ಇನ್ನೂ ಅಲ್ಲೇ ಇದೆ ಎನ್ನುವುದು ಕಾಣುತ್ತದೆ.

ವಿಳಾಸವಿಲ್ಲದಿದ್ದರೆ ಮನೆಯಿಲ್ಲ, ಮನೆಯಿಲ್ಲದಿದ್ದರೆ ವಿಳಾಸವಿಲ್ಲ. ವಿಳಾಸವಿಲ್ಲದವರಿಗೆ ಪಡಿತರ ಚೀಟಿ ಕಷ್ಟ, ಮಕ್ಕಳ ಶಾಲೆ ಕಷ್ಟ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯೂ ಕಷ್ಟ. ಗಾಣದ ಎತ್ತಿನಂತೆ ಅವಳು ಅಲ್ಲಲ್ಲೇ ಸುತ್ತುತ್ತಾಳೆ. ಈ ಸುತ್ತನ್ನು ಸರಕಾರದ ಒಂದು ಆದೇಶ ತುಂಡು ಮಾಡಲಾರದು. ಒಂದು ಮನೆಯ ಬೀಗದ ಕೈ ತುಂಡು ಮಾಡಬಲ್ಲದು.

ಮನೆ ಮಾಲೀಕರ ಭಯವೆಲ್ಲ ಸುಳ್ಳು ಎಂದು ಮಾತ್ರ ನಾನು ಹೇಳುವುದಿಲ್ಲ. ನಿವೃತ್ತ ಶಿಕ್ಷಕರೊಬ್ಬರಿಗೆ, ವಿಧವೆಯಾದ ಒಬ್ಬ ತಾಯಿಗೆ, ಆ ಬಾಡಿಗೆಯೇ ಔಷಧಿಯ ಹಣ. ಎರಡು ತಿಂಗಳು ಬಾಕಿ ಬಿದ್ದರೆ ಅವರ ಕಂತು ನಿಲ್ಲುತ್ತದೆ. ಗೋಡೆ ಕೆಡಿಸಿದರೆ ಸುಣ್ಣ ಬಣ್ಣಕ್ಕೆ ಯಾರು ಕೊಡುತ್ತಾರೆ? ಬಿಡಿ ಎಂದಾಗ ಬಿಡದಿದ್ದರೆ ಕೋರ್ಟು ಕಚೇರಿ ಅಲೆಯುವವರು ಯಾರು? ಅಕ್ಕಪಕ್ಕದವರು, "ಎಂಥೆಂಥವ್ರನ್ನ ತಂದ್ ಸೇರಿಸ್ಕೊಂಡಿದೀರಿ" ಎಂದರೆ ಮುಖ ಎಲ್ಲಿಡುವುದು? ಇವೆಲ್ಲ ನಿಜವಾದ ಪ್ರಶ್ನೆಗಳು. ಬಡವರ ಬಗ್ಗೆ ಕರುಣೆ ತೋರಿ ಎಂದು ಪೀಠದ ಮೇಲಿನಿಂದ ಹೇಳಿಬಿಡುವುದು ನನಗೆ ಸುಲಭ. ಬಾಡಿಗೆ ಬಾಕಿ ಬಿದ್ದರೆ ನನ್ನ ಜೇಬಿನಿಂದ ಹೋಗುವುದಿಲ್ಲವಲ್ಲ!

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮ ಜನರಿಗೂ ಮನೆ ಸಿಗದ ಅನುಭವವಿದೆ. "ನೀವು ಕ್ರಿಶ್ಚಿಯನ್ನರಾ? ಸಸ್ಯಾಹಾರಿಗಳಿಗೆ ಮಾತ್ರ ಕೊಡೋದು" ಎಂಬ ಮಾತನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿಲ್ಲ? ಅಡುಗೆಮನೆಯ ಹೆಸರಿನಲ್ಲಿ ಜಾತಿ ಕೇಳುವ ಆ ನಯವಾದ ಪ್ರಶ್ನೆ ಎಷ್ಟು ಚುಚ್ಚುತ್ತದೆಂದು ನಿಮಗೆ ಗೊತ್ತು. ಹಾಗೆ ಚುಚ್ಚಿಸಿಕೊಂಡವರೇ ಸ್ವಂತ ಮನೆ ಕಟ್ಟಿದ ಮೇಲೆ ಬಂದವರ ಬಟ್ಟೆ ನೋಡಿ, ಭಾಷೆ ನೋಡಿ, ಕೈಯಲ್ಲಿರುವ ಗಂಟು ನೋಡಿ ಅಳೆಯುವುದನ್ನು ಕಂಡಾಗ, ಇಸ್ರಯೇಲ್ ಜನರಿಗೆ ದೇವರು ಮತ್ತೆ ಮತ್ತೆ ನೆನಪಿಸಿದ ಸಂಗತಿ ನೆನಪಾಗುತ್ತದೆ. ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದೆವು ಎಂಬುದನ್ನು ಅವರು ಮರೆಯುತ್ತಿದ್ದರು. ಇಂದಿನ ಶುಭಸಂದೇಶದಲ್ಲಿ ದೇವರು ತಮ್ಮ ಪುತ್ರನನ್ನು ಕಳುಹಿಸಿದ್ದು ಅದೇ ಈಜಿಪ್ಟಿಗೆ. ಆ ಪರದೇಶದಲ್ಲಿ ಅವರಿಗೆ ನೆರಳು ಸಿಕ್ಕಿತು. ಕೊಟ್ಟವರು ಯೆಹೂದ್ಯರೋ ಈಜಿಪ್ಟಿನವರೋ ಮತ್ತಾಯ ಬರೆದಿಲ್ಲ.

ಮಗು, ತಾಯಿ, ಹೊರಗಿನ ಚಳಿ ಎಂದರೆ ನಮ್ಮ ಜಿಲ್ಲೆಯವರಿಗೆ ಬೆತ್ಲೆಹೇಮಿನ ತನಕ ಹೋಗುವ ಅಗತ್ಯವಿಲ್ಲ. ೨೦೨೩ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹೊರಗೆ, ಸೂತಕವೆಂದು ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕು ತೀರಿಹೋಯಿತು. ಪತ್ರಿಕೆಗಳಲ್ಲಿ ಓದಿದ್ದೀರಿ. ಅದಾದ ಮೇಲೆ ಗುಬ್ಬಿಯ ನ್ಯಾಯಾಧೀಶರೊಬ್ಬರು ತಾವೇ ಒಂದು ಹಟ್ಟಿಗೆ ಹೋಗಿ, ಊರ ಹೊರಗಿದ್ದ ತಾಯಿ ಮಗುವನ್ನು ಮನೆಯೊಳಗೆ ಸೇರಿಸಿ ಬಂದರು. ಆ ಸಮುದಾಯದವರ ಮೇಲೆ ಬೆರಳು ತೋರಿಸಲು ನಾನು ಇದನ್ನು ಹೇಳುತ್ತಿಲ್ಲ. ಅವರದು ಹಟ್ಟಿಯ ಸೂತಕ. ನಮ್ಮದು ಪೇಟೆಯ ಸೂತಕ. ಬಸ್ ನಿಲ್ದಾಣದಲ್ಲಿ ಮಲಗಿದ್ದವರು, ಮಾನಸಿಕ ಆಸ್ಪತ್ರೆಯಿಂದ ಬಂದವರು, ಜೈಲಿನಿಂದ ಬಿಡುಗಡೆಯಾದವರು, ಹೆಂಡ ಬಿಟ್ಟು ನೆಟ್ಟಗಾದವರು, ಇವರೆಲ್ಲ ನಮ್ಮ ಪಾಲಿಗೆ ಸೂತಕ ಕಳೆಯದವರು. ಬಾಣಂತಿಗಾದರೂ ಇಂತಿಷ್ಟು ದಿನವೆಂದು ಲೆಕ್ಕವಿತ್ತು, ಇವರಿಗೆ ಆ ಲೆಕ್ಕವೂ ಇಲ್ಲ.

ಸರಕಾರ ಏನು ಮಾಡುತ್ತಿದೆ ಎಂದು ಕೇಳುತ್ತೀರಿ. ಮಾಡಿದೆ. ೨೦೧೦ರಲ್ಲಿ ದೆಹಲಿಯ ಚಳಿಗೆ ಬೀದಿಯಲ್ಲಿ ಜನ ಸತ್ತಾಗ ಸುಪ್ರೀಂ ಕೋರ್ಟ್ ಮಧ್ಯೆ ಬಂದಿತು. ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ತಂಗುದಾಣ ಬೇಕು ಎಂಬ ಲೆಕ್ಕ ಅಲ್ಲಿಂದ ಗಟ್ಟಿಯಾಯಿತು. ೨೦೧೩ರಲ್ಲಿ ಬಂದ ನಗರ ಜೀವನೋಪಾಯ ಯೋಜನೆಯಲ್ಲೂ ಅದೇ ಲೆಕ್ಕ, ತಲೆಗೆ ೫೦ ಚದರಡಿ ಜಾಗ. ಸುಮಾರು ಮೂರು ಲಕ್ಷ ಜನರ ತುಮಕೂರಿಗೆ ಆ ಲೆಕ್ಕದಲ್ಲಿ ಮೂರು ಬರುತ್ತವೆ. ಗುಬ್ಬಿಗೆ, ಕುಣಿಗಲ್ಲಿಗೆ? ಲಕ್ಷ ತುಂಬದ ಊರಿಗೆ ಲಕ್ಷಕ್ಕೊಂದರ ಲೆಕ್ಕದಲ್ಲಿ ಏನು ಬರುತ್ತದೆ! ಸಣ್ಣ ಊರಿನಲ್ಲಿ ಬೀದಿಗೆ ಬಿದ್ದವರಿಗೆ ತಂಗುದಾಣದ ಬದಲು ಇರುವುದು ಗುಡಿಯ ಪೌಳಿ, ರೈಲು ನಿಲ್ದಾಣದ ಬೆಂಚು, ಇಲ್ಲವೇ ಮನಸ್ಸು ಮಾಡಿದ ಒಬ್ಬ ಮನೆ ಮಾಲೀಕ. ಮೇಲಾಗಿ ತಂಗುದಾಣ ಎಷ್ಟೇ ಚೆನ್ನಾಗಿದ್ದರೂ ರಾತ್ರಿ ಮಲಗುವ ಜಾಗ. ಮಗಳ ಶಾಲೆಯ ಚೀಲವನ್ನು ಗೂಟಕ್ಕೆ ನೇತುಹಾಕಿ ಹೋಗುವ ಜಾಗವಲ್ಲ.

೨೦೧೧ರ ಜನಗಣತಿಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ಸೂರಿಲ್ಲದವರು ಸುಮಾರು ೧೭.೭ ಲಕ್ಷ. ಅದೇ ಗಣತಿಯಲ್ಲಿ ಪಟ್ಟಣ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ೧.೧ ಕೋಟಿಯಷ್ಟು. ಬೀದಿಯಲ್ಲಿ ಮಲಗುವವರನ್ನು ಎಣಿಸುವುದು ಕಷ್ಟ, ನಿಜವಾದ ಸಂಖ್ಯೆ ಇನ್ನೂ ಹೆಚ್ಚು ಎನ್ನುವವರಿದ್ದಾರೆ. ಹೆಚ್ಚೇ ಇರಲಿ. ಆದರೂ ಬೀಗಗಳ ಸಂಖ್ಯೆಯೇ ದೊಡ್ಡದು.

ಅಮೆರಿಕ ದೇಶದಲ್ಲಿ ಈ ಕಷ್ಟಕ್ಕೆ ೧೯೭೪ರಿಂದ ಒಂದು ಪದ್ಧತಿ ನಡೆದುಬಂದಿದೆ. ಸರಕಾರ ಬಡ ಕುಟುಂಬಕ್ಕೆ ಬಾಡಿಗೆಯ ಚೀಟಿ ಕೊಡುತ್ತದೆ, ಅಲ್ಲಿನವರು ಅದನ್ನು ವೋಚರ್ ಎನ್ನುತ್ತಾರೆ. ಕುಟುಂಬ ತನ್ನ ಆದಾಯದ ಶೇಕಡಾ ೩೦ರಷ್ಟನ್ನು ಬಾಡಿಗೆಗೆ ಕೊಡಬೇಕು, ಉಳಿದದ್ದನ್ನು ಸರಕಾರವೇ ನೇರವಾಗಿ ಮಾಲೀಕನಿಗೆ ಕಟ್ಟುತ್ತದೆ. ಬೀದಿಯಲ್ಲಿದ್ದ ಮಾಜಿ ಸೈನಿಕರಿಗೂ ಪ್ರತ್ಯೇಕ ಚೀಟಿಗಳಿವೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಇದರಿಂದ ಸೂರಿನಡಿ ಇವೆ. ಸಮಾರಿಯದವನ ಎರಡು ನಾಣ್ಯಕ್ಕೂ ಮುಂದಿನ ಖರ್ಚಿನ ಮಾತಿಗೂ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಕಂಡಿಲ್ಲ. ಹಾಗಿದ್ದರೆ ಎಲ್ಲ ಸರಿಹೋಯಿತೇ? ಇಲ್ಲ. ಚೀಟಿಗಾಗಿ ವರ್ಷಗಟ್ಟಲೆ ಕಾಯಬೇಕು. ಸಿಕ್ಕ ಮೇಲೆ ಮನೆ ಹುಡುಕಲು ಮೊದಲಿಗೆ ಕೊಡುವ ಗಡುವು ಕಡೇಪಕ್ಷ ೬೦ ದಿನ. ಗಡುವನ್ನು ವಿಸ್ತರಿಸದಿದ್ದರೆ ಚೀಟಿ ವಾಪಸ್ಸು. ೨೦೧೮ರಲ್ಲಿ ಅಲ್ಲಿ ಒಂದು ಅಧ್ಯಯನ ನಡೆಯಿತು. ಮನೆ ಖಾಲಿಯಿದೆ ಎಂದು ಜಾಹೀರಾತು ಕೊಟ್ಟವರಿಗೆ ಫೋನ್ ಮಾಡಿ ಚೀಟಿಯವರಿಗೆ ಕೊಡುತ್ತೀರಾ ಎಂದು ಕೇಳಿದರು. ಟೆಕ್ಸಾಸಿನ ಫೋರ್ಟ್ ವರ್ತ್ ನಗರದಲ್ಲಿ ನೂರಕ್ಕೆ ೭೮ ಮಂದಿ ಇಲ್ಲವೆಂದರು. ಚೀಟಿಯವರೆಂದು ನಿರಾಕರಿಸುವುದನ್ನು ಕಾನೂನು ನಿಷೇಧಿಸಿರುವ ವಾಷಿಂಗ್ಟನ್ ನಗರದಲ್ಲಿ ಇಲ್ಲವೆಂದವರು ೧೫ ಮಂದಿ. ನೋಡಿ, ಅಲ್ಲಿ ಹಣ ಸಂದಾಯವಾಗುವುದು ಖಚಿತ, ಕೊಡುವುದು ಸರಕಾರ. ಆದರೂ ಬಾಗಿಲು ಮುಚ್ಚಿತು. ಹಾಗಾದರೆ ಮುಚ್ಚಿಸಿದ್ದು ಬಾಡಿಗೆಯ ಭಯ ಮಾತ್ರವಲ್ಲ.

ಅಲ್ಲಿನ ಹಲವು ಊರುಗಳು ಇದಕ್ಕೊಂದು ಉಪಾಯ ಕಂಡುಕೊಂಡವು. ಮಾಲೀಕರಿಗಾಗಿ ಒಂದು ಭರವಸೆಯ ನಿಧಿಯನ್ನು ತೆಗೆದಿರಿಸಿದವು. ಬಾಡಿಗೆದಾರ ಮನೆ ಕೆಡಿಸಿದರೆ, ಬಾಕಿ ಉಳಿಸಿ ಹೋದರೆ, ಅಡ್ವಾನ್ಸಿಗೆ ಮೀರಿದ ನಷ್ಟವನ್ನು ಆ ನಿಧಿ ತುಂಬಿಕೊಡುತ್ತದೆ. ಜೊತೆಗೆ ತೊಂದರೆಯಾದಾಗ ಮಾಲೀಕ ಫೋನ್ ಮಾಡಿದರೆ ಬರುವ ಒಬ್ಬ ಮನುಷ್ಯ. ಈ ಎರಡನೆಯದೇ ಮುಖ್ಯ ಎಂದು ನನ್ನ ಎಣಿಕೆ. ಸಮಾರಿಯದವನು, ನಾನು ಹಿಂದಿರುಗಿ ಬರುತ್ತೇನೆ ಎನ್ನದೆ ನಾಣ್ಯ ಎಸೆದು ಹೋಗಿದ್ದರೆ ಛತ್ರದವನು ಏನು ಮಾಡುತ್ತಿದ್ದನೋ!

ನಮ್ಮ ನಾಡಿನಲ್ಲಿ ಸರಕಾರ ಮನೆ ಕಟ್ಟಿಕೊಳ್ಳಲು ಹಣ ಕೊಡುತ್ತದೆ. ಆಶ್ರಯ ಮನೆ ಎಂದರೆ ಹಳ್ಳಿಯ ಮಗುವಿಗೂ ಗೊತ್ತು. ಆದರೆ ಕಟ್ಟಲು ನಿವೇಶನ ಬೇಕು, ನಿವೇಶನಕ್ಕೆ ದಾಖಲೆ ಬೇಕು. ಬಾಡಿಗೆಗೆ ಚೀಟಿ ಕೊಡುವ ಮಾತು ೨೦೧೫ರ ನಂತರ ದೆಹಲಿಯಲ್ಲಿ ಕೇಳಿಬಂದಿತ್ತು. ಸ್ಮಾರ್ಟ್ ಸಿಟಿಗಳ ಬಡವರಿಗೆ ಕೊಡುತ್ತಾರಂತೆ ಎಂದು ೨೦೧೭ರಲ್ಲಿ ಪತ್ರಿಕೆಗಳಲ್ಲಿ ಬಂತು. ತುಮಕೂರು ೨೦೧೬ರಲ್ಲೇ ಸ್ಮಾರ್ಟ್ ಸಿಟಿಯ ಪಟ್ಟಿಗೆ ಸೇರಿತ್ತು. ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಚೀಟಿ ಮಾತ್ರ ಬರಲಿಲ್ಲ.

ಚೀಟಿಗೆ ಕಾಯದೆ ಕೆಲಸ ಮಾಡಿದವರು ಪಕ್ಕದ ರಾಜ್ಯದಲ್ಲಿದ್ದಾರೆ. ಚೆನ್ನೈಯಲ್ಲಿ ೧೯೯೩ರಲ್ಲಿ ಇಬ್ಬರು ಯುವತಿಯರು, ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್, ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ಬ್ಯಾನಿಯನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬ್ಯಾನಿಯನ್ ಎಂದರೆ ಆಲದ ಮರ. ಚಿಕಿತ್ಸೆಯಿಂದ ಗು೿ಣವಾದವರಲ್ಲಿ ಎಷ್ಟೋ ಮಂದಿಗೆ ಹೋಗಲು ಮನೆಯಿರಲಿಲ್ಲ, ಕರೆದುಕೊಳ್ಳುವವರಿರಲಿಲ್ಲ. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದರು. ೨೦೧೫ರಿಂದ ಸಂಸ್ಥೆ ಸಾಮಾನ್ಯ ಬೀದಿಗಳಲ್ಲಿ ಸಾಮಾನ್ಯ ಮನೆಗಳನ್ನು ಬಾಡಿಗೆಗೆ ಹಿಡಿಯಿತು. ಒಂದೊಂದು ಮನೆಯಲ್ಲಿ ನಾಲ್ಕೈದು ಮಂದಿ, ನೆರವಿಗೆ ಒಬ್ಬ ಸಹಾಯಕಿ. ತಾವೇ ಸೊಪ್ಪು ಕೊಳ್ಳುತ್ತಾರೆ, ತಾವೇ ಸಾರು ಮಾಡುತ್ತಾರೆ, ಹಬ್ಬಕ್ಕೆ ಪಕ್ಕದ ಮನೆಗೆ ತಿಂಡಿ ಕೊಡುತ್ತಾರೆ. ಹೋಮ್ ಅಗೇನ್, ಮತ್ತೆ ಮನೆ, ಎಂದು ಅದರ ಹೆಸರು. ತಮಿಳುನಾಡಿನಿಂದ ಅದು ಕೇರಳಕ್ಕೂ ಹೋಯಿತು. ಆ ಮನೆಗಳೆಲ್ಲ ಯಾರೋ ಒಬ್ಬ ಸಾಮಾನ್ಯ ಮಾಲೀಕನವು. ಅವನು ಒಪ್ಪದಿದ್ದರೆ ಈ ಯೋಜನೆಯಲ್ಲಿ ಉಳಿಯುವುದು ಕಾಗದ ಮಾತ್ರ.

ನಮ್ಮ ಮಹಾಧರ್ಮಕ್ಷೇತ್ರಕ್ಕೂ ಇದು ಹೊಸದೇನಲ್ಲ. ಬೆಂಗಳೂರು ಮಾಗಡಿ ರಸ್ತೆಯ ಸುಮನಹಳ್ಳಿ ೧೯೭೦ರ ದಶಕದ ಕೊನೆಯಲ್ಲಿ ಆರಂಭವಾದದ್ದು ಕುಷ್ಠರೋಗಿಗಳಿಗಾಗಿ. ಆ ರೋಗ ವಾಸಿಯಾದ ಮೇಲೂ ಜನರ ಕಣ್ಣಲ್ಲಿ ವಾಸಿಯಾಗುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲೇ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುತ್ತಿದೆ, ಜಾತಿ ಕೇಳದೆ. ೨೦೧೯ರ ಜನವರಿಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ನಮ್ಮ ಕ್ರೈಸ್ತ ಕುಟುಂಬಗಳೂ ಕಣ್ಣೀರಿಟ್ಟವು. ಅಂಥ ಊರಿನಲ್ಲಿ ಇದ್ದುಕೊಂಡು ಆಶ್ರಯದ ಮಾತು ನಮಗೆ ಅರ್ಥವಾಗದು ಎನ್ನುವಂತಿಲ್ಲ.

ಇನ್ನು ದೂರದ ಒಂದು ಕತೆ, ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ಔಗ್ಸ್‌ಬುರ್ಗ್ ಎಂಬ ಊರಿನಲ್ಲಿ ೧೫೨೧ರಲ್ಲಿ ಯಾಕೋಬ್ ಫುಗ್ಗರ್ ಎಂಬ ಶ್ರೀಮಂತ ಬಡ ಕಥೋಲಿಕ ಕುಟುಂಬಗಳಿಗೆ ಸಾಲು ಮನೆಗಳನ್ನು ಕಟ್ಟಿಸಿದ. ವರ್ಷಕ್ಕೆ ಒಂದು ಗಿಲ್ಡರ್ ಬಾಡಿಗೆ, ದಿನಕ್ಕೆ ಮೂರು ಪ್ರಾರ್ಥನೆ. ಐನೂರು ವರ್ಷ ಕಳೆದರೂ ಬಾಡಿಗೆ ಏರಿಸಿಲ್ಲ, ಇಂದಿನ ಲೆಕ್ಕದಲ್ಲಿ ವರ್ಷಕ್ಕೆ ೮೮ ಸೆಂಟು, ಅಂದರೆ ಒಂದು ಯೂರೋಗೂ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾದರೂ ಮತ್ತೆ ಕಟ್ಟಿದರು. ಫುಗ್ಗರ್ ಸಂತನೇನಲ್ಲ. ರಾಜರಿಗೆ ಬಡ್ಡಿಗೆ ಸಾಲ ಕೊಟ್ಟು ಬೆಳೆದ ಲೇವಾದೇವಿಗಾರ. ಸಂತರಲ್ಲದವರೂ ಮನೆ ಕೊಡಬಲ್ಲರು ಎನ್ನುವುದಕ್ಕೇ ಅವನನ್ನು ನೆನೆಸಿದೆ. ರೋಮಿನಲ್ಲೂ ೨೦೧೯ರ ನವೆಂಬರಿನಲ್ಲಿ ವಿಶ್ವಗುರು ಫ್ರಾನ್ಸಿಸರು ಸಂತ ಪೇತ್ರರ ಚೌಕದ ಕಂಬಸಾಲಿನ ಪಕ್ಕದಲ್ಲಿದ್ದ ಒಂದು ಹಳೆಯ ಅರಮನೆಯನ್ನು ಬೀದಿಯಲ್ಲಿ ಮಲಗುವವರಿಗೆ ತೆರೆದರು. ಹೋಟೆಲಿಗೆ ಕೊಟ್ಟಿದ್ದರೆ ಎಷ್ಟು ಬಾಡಿಗೆ ಬರುತ್ತಿತ್ತೋ, ಆ ಚೌಕದ ಬೆಲೆ ಕಂಡವರು ಊಹಿಸಿಕೊಳ್ಳಿ.

ಈಗ ನನ್ನ ಕೋರಿಕೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಅವರ ಮುಂದೆಯೂ ನಿಮ್ಮ ಮುಂದೆಯೂ ಇಡುತ್ತೇನೆ. ಮನೆ ಪುಕ್ಕಟೆ ಕೊಡಿ ಎಂದು ಯಾರನ್ನೂ ಕೇಳುವುದಿಲ್ಲ. ನ್ಯಾಯವಾದ ಬಾಡಿಗೆ ಹೇಳಿ. ಅಡ್ವಾನ್ಸನ್ನು ಧರ್ಮಕೇಂದ್ರ ಕಟ್ಟಲಿ. ಬಂದ ಕುಟುಂಬ ತನ್ನ ಸಂಬಳದಲ್ಲಿ ಆದಷ್ಟು ಕೊಡಲಿ, ಸಾಲದ್ದನ್ನು ವರ್ಷದ ಮಟ್ಟಿಗೆ ಸಭೆ ತುಂಬಿಕೊಡಲಿ. ಕರಾರು ಪತ್ರಕ್ಕೆ ಧರ್ಮಕೇಂದ್ರದ ಪರವಾಗಿಯೂ ಒಬ್ಬರು ಸಹಿ ಹಾಕಲಿ. ನಲ್ಲಿ ಮುರಿದರೆ, ಗೋಡೆ ಕೆಟ್ಟರೆ, ರಿಪೇರಿಗೆ ಒಂದಿಷ್ಟು ಹಣವನ್ನು ಬೇರೆಯಾಗಿ ಎತ್ತಿಡೋಣ. ಜಾತ್ರೆಯ ಪಟಾಕಿಗೆ ನಾವು ಖರ್ಚು ಮಾಡುವುದರಲ್ಲಿ ಅರ್ಧ ಸಾಕಾಗಬಹುದು, ಪಟಾಕಿ ಪ್ರಿಯರು ಕ್ಷಮಿಸಬೇಕು. ಮಾಲೀಕರ ಬಳಿ ಒಂದು ಫೋನ್ ನಂಬರ್ ಇರಲಿ. ರಾತ್ರಿ ಹತ್ತಕ್ಕೆ ಕರೆದರೂ ಎದ್ದು ಹೋಗುವವರ ನಂಬರ್ ಆಗಿರಬೇಕು. ವಾರಕ್ಕೊಮ್ಮೆ ನಮ್ಮ ಒಂದು ಕುಟುಂಬ ಆ ಮನೆಗೆ ಹೋಗಿ ಬರಲಿ. ಉಪದೇಶ ಮಾಡಲಿಕ್ಕಲ್ಲ, ಕಾಫಿ ಕುಡಿಯಲಿಕ್ಕೆ. ಅವರು ಯಾವ ಧರ್ಮದವರಾದರೂ ಸರಿ, ಚರ್ಚಿಗೆ ಬನ್ನಿ ಎಂದು ಯಾರೂ ಹೇಳಕೂಡದು. ಸಮಾರಿಯದವನು ಗಾಯಗೊಂಡವನನ್ನು ತನ್ನ ಗುಡಿಗೆ ಕರೆಯಲಿಲ್ಲ.

ಒಂದು ವರ್ಷಕ್ಕೆ ಒಂದೇ ಮನೆಯಾದರೂ ಸಾಕು. ಒಪ್ಪಿದ ಕುಟುಂಬ ಸರಿಹೋಗದೇ ಇರಬಹುದು, ಬಾಕಿ ಉಳಿಸಬಹುದು, ಹೇಳದೆ ಹೊರಟುಹೋಗಬಹುದು. ಆಗ ಲೆಕ್ಕ ನಾವು ಕೊಡೋಣ, ಮಾಲೀಕರನ್ನು ಮುಂದೆ ಬಿಟ್ಟು ನಾವು ಹಿಂದೆ ಸರಿಯುವುದು ಬೇಡ. ಅಕ್ಕಪಕ್ಕದವರು ಮಾತನಾಡಿದರೆ, ಆ ಮಾಲೀಕರ ಜಗಲಿಯಲ್ಲಿ ನಾನೇ ಒಂದು ಸಂಜೆ ಕುಳಿತಿರುತ್ತೇನೆ. ಧರ್ಮಗುರುಗಳು ಅಲ್ಲಿ ಚಹಾ ಕುಡಿಯುವುದನ್ನು ನೋಡಿದರೆ ಅರ್ಧ ಮಾತು ಅಲ್ಲೇ ನಿಲ್ಲುತ್ತದೆ, ನಮ್ಮ ಊರು ನನಗೆ ಗೊತ್ತು.

ಪೂಜೆ ಮುಗಿದ ಮೇಲೆ ಬಾಗಿಲ ಬಳಿ, ಗೋದಲಿಯ ಪಕ್ಕದ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇರುತ್ತದೆ. ಖಾಲಿ ಮನೆಯಿರುವವರು, ಇಲ್ಲವೇ ಬೇಸಿಗೆಯ ಹೊತ್ತಿಗೆ ಖಾಲಿಯಾಗುವುದಿರುವವರು, ಮನೆ ಎಲ್ಲಿದೆ, ಎಷ್ಟು ಕೋಣೆ, ಬಾಡಿಗೆ ಎಷ್ಟು ಎಂದು ಬರೆದು ಹೋಗಿ. ಮನೆಯಿಲ್ಲದವರು ರಿಪೇರಿ ನಿಧಿಗೆ ಎಷ್ಟಾದೀತೆಂದು ಬರೆಯಿರಿ, ಹತ್ತು ರೂಪಾಯಿಯಾದರೂ ಸರಿ. ಗಂಡ ಹೆಂಡತಿ ಮನೆಯಲ್ಲಿ ಕೂತು ಮಾತನಾಡಿಕೊಂಡು ಮುಂದಿನ ಭಾನುವಾರ ಬರೆಯುತ್ತೇವೆ ಎನ್ನುವವರು ಹಾಗೆಯೇ ಮಾಡಿ. ಪುಸ್ತಕ ಮೂರು ರಾಯರ ಹಬ್ಬದ ತನಕ ಅಲ್ಲೇ ಇರುತ್ತದೆ.

ಎದ್ದು ನಿಲ್ಲೋಣ, ವಿಶ್ವಾಸ ಪ್ರಮಾಣವನ್ನು ಹೇಳೋಣ.